ನಿಲ್ಲುವ ಗಾಡಿಗೆ ಗಿರಾಕಿ

ಹೆಂಗಸಿನ ಬಲಗಾಲ ಚಪ್ಪಲಿ ಸವೆದು ಹಾಳೆಯಾಗಿತ್ತು, ಎಡಗಾಲಿನದು ಇನ್ನೂ ಹೊಸದರಂತಿತ್ತು. ಎರಡೂ ಕೈಯಲ್ಲಿ ಹಿಡಿದ ಚೀಲ ಭಾರವಾಗಿತ್ತು; ಒಳಗಿರುವುದು ಬರೀ ಅರಿವೆಯಲ್ಲ, ಕಬ್ಬಿಣ. ಗಂಡ ಎರಡು ಹೆಜ್ಜೆ ಹಿಂದೆ ಬರುತ್ತಿದ್ದ. ಅಂದರೆ ದುಡ್ಡು ಎರಡು ಹೆಜ್ಜೆ ಮುಂದಿದೆ. ಸೇಡಂನಲ್ಲಿ ಹಳೆಯ ಗಾಡಿಗಳನ್ನು ಕೊಂಡು ಮಾರುವ ಶರಣಕುಮಾರ ಇಷ್ಟನ್ನೂ ಅವರು ಗೇಟು ದಾಟುವುದರೊಳಗೆ ಅಳೆದು ಮುಗಿಸಿದ್ದ. ಚೌಕಾಸಿ ಹೆಚ್ಚು, ಮಾತು ಕಡಿಮೆ, ಇವತ್ತೇ ಕೊಳ್ಳುವ ಗಿರಾಕಿ. ಅಳತೆ ತಪ್ಪಿದ್ದು ಒಂದೇ ಕಡೆ, ಮಾತಿನ ಲೆಕ್ಕದಲ್ಲಿ.

ಕಾಲು ಗಂಟೆಯಿಂದ ವಾದ ನಡೆದಿತ್ತು. ವಾದದ ನಡುವೆ ನಿಂತಿದ್ದದ್ದು ಒಂದು ಬಿಳಿ ಬ್ಯಾಟರಿ ಟಂಟಂ, ಹಿಂದೆ ಸಾಮಾನು ಹೇರುವ ಮೂರು ಗಾಲಿಯ ಗಾಡಿ. ಆಡಕಿಯ ಅಂಬಾರಾಯ ಅದರಲ್ಲಿ ಜ್ಯೂಸ್ ಮಾರುತ್ತಿದ್ದ. ಮಿಕ್ಸರ್ ತಿರುಗಿಸಲೆಂದು ಗಾಡಿಯ ಬ್ಯಾಟರಿಗೇ ಒಂದು ಇನ್ವರ್ಟರ್ ಡಬ್ಬಿ ಕೂಡಿಸಿ, ಮನೆಯ ಗೋಡೆಯಲ್ಲಿರುವಂಥ ಎರಡು ಪ್ಲಗ್ ಮಾಡಿಸಿಕೊಂಡಿದ್ದ. ಈಗ ಬ್ಯಾಟರಿಗೆ ವಯಸ್ಸಾಗಿತ್ತು. ತುಂಬ ಚಾರ್ಜ್ ಮಾಡಿದರೂ ಐವತ್ತು ಕಿಲೋಮೀಟರಿಗೆ ಕೈ ಚೆಲ್ಲುತ್ತಿತ್ತು. ಆದ್ದರಿಂದ ಶರಣಕುಮಾರನ ಪ್ರಾರ್ಥನೆ ಒಂದೇ: ಈ ಹೆಂಗಸು ‘ಎಷ್ಟು ಓಡ್ತದ’ ಎಂದು ಕೇಳದಿರಲಿ. ಅವಳು ಕೇಳಿರಲಿಲ್ಲ. ಅವನಿಗೆ ಭಯ ಹುಟ್ಟಿಸಿದ್ದೂ ಅದೇ.

ಶರಣಕುಮಾರ: ಆಪಾ, ಒಂದು ರೌಂಡ್ ಹೊಡ್ದು ನೋಡ್ರಿ ಅಂತ ಹೇಳ್ಲಿಕತ್ತೀನಿ. ಬಸ್‌ಸ್ಟ್ಯಾಂಡ್ ತನಕ ಹೋಗಿ ಬರ್ರಿ. ಸಪ್ಪಳಿಲ್ಲ, ಹೊಗಿಯಿಲ್ಲ. ಬೆಣ್ಣಿ ಅದ, ಬೆಣ್ಣಿ.

ಲತೀಫಾ: ಬ್ಯಾಡ್ರಿ ಸಾವ್ಕಾರ್ರ. ಅದು ಇಲ್ಲೇ ನಿಂದ್ರಲಿ.

ಶರಣಕುಮಾರ: ಓಡಿಸಿ ನೋಡ್ದೆ ಗಾಡಿ ಹ್ಯಾಂಗ ತಗೋತೀರಿ?

ಲತೀಫಾ: ನಿಂತಿದ್ದು ನೋಡ್ಲಿಕತ್ತೀನಲ್ಲ. ಛಲೋ ನಿಂತದ.

ಶರಣಕುಮಾರ: ಎಲ್ಲಾ ಗಾಡೀನೂ ನಿಂದ್ರತಾವ್ರಿ!

ಲತೀಫಾ: ಅವು ಸುಮ್ನ ನಿಂದ್ರತಾವ. ನನಗ ನಿಂತು ದುಡಿಯೋದು ಬೇಕಾಗ್ಯಾದ. ಇದು ಎಷ್ಟು ತಾಸು ನಿಂದ್ರತದ?

ಇಪ್ಪತ್ತೆರಡು ವರ್ಷದ ವ್ಯಾಪಾರದಲ್ಲಿ ಶರಣಕುಮಾರ, ಗಾಡಿ ಎಷ್ಟು ಕೈ ಬದಲಾಗಿದೆ, ಎಲ್ಲಿ ಗುದ್ದಿದೆ, ಇನ್ಶೂರೆನ್ಸ್ ಯಾಕಿಲ್ಲ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದ. ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಬಾಯಿಯಿಂದ ಖರೇ ಮಾತು ಜಾರುತ್ತದೆ.

ಶರಣಕುಮಾರ: ಎಂಟು ತಿಂಗಳು ನಿಂತದ್ರಿ.

ಅಬ್ದುಲ್ ಕರೀಮ್: ಮಾಶಾ ಅಲ್ಲಾ!

ಇವನು ಲತೀಫಾಳ ಗಂಡ. ಹಿಂದೆ ಬಾಡಿಗೆ ಟಂಟಂ ಹೊಡೆಯುತ್ತಿದ್ದವನು; ಈಗ ಹೆಂಡತಿಯ ಹೊಲಿಗೆ ಮಷೀನನ್ನು ಹೊತ್ತು ಸಂತೆಗೆ ಮುಟ್ಟಿಸುತ್ತಿದ್ದ. ಜಾರಿದ ಮಾತನ್ನು ಹಿಡಿಯುವಷ್ಟು ಚುರುಕಿಲ್ಲವೆಂದು ಶರಣಕುಮಾರನಿಗೆ ಸಮಾಧಾನವಾಯಿತು.

ಶರಣಕುಮಾರ: ತಿಳೀತು ಬಿಡ್ರಿ ಆಪಾ. ಗಾಡ್ಯಾಗ ದುಕಾನ ಇಡಾವ್ರು ನೀವು. ಮೊದ್ಲೇ ಹೇಳ್ಬಾರ್ದಾ? ಒಳಗ ಒಂದು ಡಬ್ಬಿ ಅದ, ಸುಮ್ನ ಜಾಗ ತಿಂತದ. ಅದನ್ನ ಕಿತ್ತಿ ಒಗದು ಕೊಡ್ತೀನಿ. ಪುಕ್ಕಟೆ.

ಲತೀಫಾ: ಡಬ್ಬಿ ಮುಟ್ಟಿದ್ರ ನಾ ಹೊಂಟೆ.

ಶರಣಕುಮಾರ: ಅದು ಕಂಪನಿದಲ್ರಿ, ಆಮ್ಯಾಲ ಯಾರೋ ಕೂಡ್ಸಿದ್ದು.

ಲತೀಫಾ: ನನಗ ಬೇಕಾಗಿದ್ದು ಅದೇ. ಗಾಡಿ ಅಂದ್ರ ಡಬ್ಬಿಗೆ ಹಚ್ಚಿದ ಗಾಲಿ, ಅಷ್ಟೇ.

ಶರಣಕುಮಾರ ಅವಳ ಮುಖ ನೋಡಿದ. ತಮಾಷೆಯ ಸುಳಿವಿರಲಿಲ್ಲ. ಅವಳು ಚೀಲವನ್ನು ನೆಲಕ್ಕಿಟ್ಟು, ಬಲ ಮೊಣಕಾಲು ಒತ್ತಿಕೊಂಡು, ಟಂಟಂನ ಅಂಚಿನ ಮೇಲೆ ಕುಳಿತಳು.

ಲತೀಫಾ: ಸೀರಿಗೆ ಫಾಲ್ ಹಚ್ಚೋದು, ಪಿಕೊ ಮಾಡೋದು ನನ್ನ ಧಂದೆ. ಇಲ್ಲೇ ನಮ್ಮ ತಾಲೂಕಿನ ಮುಧೋಳ, ಆಡಕಿ, ಎಲ್ಲಾ ಸಂತಿಗೂ ಹೋಗ್ತೀನಿ. ಮುಂಜಾನಿ ಸೀರಿ ಕೊಡ್ತಾರ, ಸಂತಿ ಮುಗಿಸ್ಕೊಂಡು ಒಯ್ತಾರ. ಹನ್ನೊಂದು ವರ್ಷ ಕಾಲಲೇ ತುಳಿದೀನಿ. ಈಗ ಡಾಕ್ಟ್ರು ಹೇಳ್ಯಾರ, ಇನ್ನ ತುಳದ್ರ ಮೊಣಕಾಲು ಹೋಗ್ತದ, ಇಲ್ಲಾ ಸಂತಿ ಹೋಗ್ತದ. ಮೋಟರ್ ಮಷೀನ್ ತಂದೆ. ಸಂತ್ಯಾಗ ಪ್ಲಗ್ ಎಲ್ಲದ?

ಶರಣಕುಮಾರ: ಮನ್ಯಾಗ ಕುಂತು ಹೊಲೀರಿ.

ಲತೀಫಾ: ಸೇಡಂದಾಗ ಮನಿಗೊಬ್ರು ಪಿಕೊ ಮಾಡೋರು ಅದಾರ. ಮುಧೋಳ ಸಂತ್ಯಾಗ ನಾ ಒಬ್ಬಾಕಿ.

ಅಬ್ದುಲ್ ಕರೀಮ್: ಸೇಠ್, ಅದರಾಗ ಟೀವಿ ಹತ್ತತದೇನ್ರಿ?

ಶರಣಕುಮಾರ: ಟೀವಿ?

ಅಬ್ದುಲ್ ಕರೀಮ್: ಈಕಿ ಹೊಲೀತಾಳ. ಮುಂಜಾನಿಂದ ಸಂಜಿತನ ಸಂತ್ಯಾಗ ನಾ ಏನ್ ಮಾಡ್ಲಿ? ಒಂದು ಸಣ್ಣ ಟೀವಿ, ಒಂದು ಫ್ಯಾನು. ಎರಡು ಪ್ಲಗ್ ಅವ. ಒಂದು ಧಂದೇದು, ಒಂದು ಮ್ಯಾಚಿಂದು.

ಲತೀಫಾ: ನನ್ನ ಮಷೀನ್ ನಿಂತ ದಿನ ನಿಮ್ಮ ಮ್ಯಾಚೂ ನಿಂದ್ರತದ. ಹೇಳಿಟ್ಟೀನಿ.

ಅಬ್ದುಲ್ ಕರೀಮ್: ಅದಕ್ಕ ನಾನೂ ನಿನ್ನ ಕೂಡ ಬಂದೀನಿ.

ಲತೀಫಾ ಚೀಲದ ಬಾಯಿ ಬಿಚ್ಚಿದಳು. ಹೊರಗೆ ಬಂದದ್ದು ಹೊಲಿಗೆ ಮಷೀನು.

ಶರಣಕುಮಾರ: ಇದೇನ್ರಿ ಆಪಾ?

ಲತೀಫಾ: ಟ್ರಯಲ್. ಓಡಿಸಾವ್ರು ಓಡಿಸಿ ನೋಡ್ತಾರ. ನಾ ಹೊಲ್ದು ನೋಡ್ತೀನಿ. ಒಂದು ಅರಿವಿ ಕೊಡ್ರಿ.

ಅಂಗಳದಲ್ಲಿದ್ದ ಅರಿವೆ ಒಂದೇ, ಗಾಡಿಗಳನ್ನು ಒರೆಸುವ ಹಳದಿ ವಸ್ತ್ರ. ಲತೀಫಾ ಅದನ್ನು ಎರಡು ಸಲ ಝಾಡಿಸಿ, ಪ್ಲಗ್ ಚುಚ್ಚಿ, ಮಷೀನು ಶುರು ಮಾಡಿದಳು. ಒರೆಸುವ ವಸ್ತ್ರಕ್ಕೆ ನಾಲ್ಕೂ ಕಡೆ ಪಿಕೊ ಆಗುವುದನ್ನು ಶರಣಕುಮಾರ ನಿಂತು ನೋಡಿದ. ಇನ್ನು ಅದರಿಂದ ಗಾಡಿ ಒರೆಸಲು ಮನಸ್ಸು ಬರುವುದಿಲ್ಲ ಎನ್ನಿಸಿತು. ಅಬ್ದುಲ್ ಕರೀಮ್ ಎರಡನೆಯ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ, ಗಾಡಿಯ ಸೀಟಿನಲ್ಲಿ ಕಾಲು ಮಡಚಿ ಕುಳಿತು, ಮ್ಯಾಚ್ ಹಚ್ಚಿದ.

ಅಷ್ಟರಲ್ಲಿ ಊರಿನ ಕರೆಂಟು ಹೋಯಿತು.

ಶರಣಕುಮಾರನ ಆಫೀಸಿನ ಫ್ಯಾನು ಮೂರು ಸುತ್ತು ಹಾಕಿ ನಿಂತಿತು. ಪಕ್ಕದ ಝೆರಾಕ್ಸ್ ಅಂಗಡಿಯವನು ಬಾಗಿಲಿಗೆ ಬಂದು ಬೈದುಕೊಂಡ. ಇಡೀ ಓಣಿಯಲ್ಲಿ ಸದ್ದು ಮಾಡುತ್ತಿದ್ದದ್ದು ಒಂದೇ, ಟಂಟಂ ಮೇಲಿನ ಹೊಲಿಗೆ ಮಷೀನು. ಆ ಟರ್ ಟರ್ ಶರಣಕುಮಾರನ ಕಿವಿಗೆ ನೋಟು ಎಣಿಸುವ ಮಷೀನಿನಂತೆ ಕೇಳಿಸಿತು.

ಶರಣಕುಮಾರ: ಆಪಾ, ನಾ ಒಂದು ಲಕ್ಷ ಹತ್ತು ಅಂದಿದ್ದು ಬರೇ ಗಾಡೀದು. ಕರೆಂಟಿಂದು ಬ್ಯಾರೆ ಆಗ್ತದ.

ಲತೀಫಾ: ಈಗರೆ ಕಿತ್ತಿ ಒಗಿಯೋರಿದ್ರಲ್ಲ? ಪುಕ್ಕಟೆ?

ಶರಣಕುಮಾರ: ಆಗ ಊರಾಗ ಕರೆಂಟ್ ಇತ್ತಲ್ರಿ.

ಲತೀಫಾ: ಹಂಗಾ. ಹಂಗಾದ್ರ ಓಡೋದು ಎಷ್ಟಿಂದು, ನಿಂದ್ರೋದು ಎಷ್ಟಿಂದು, ಬ್ಯಾರೆ ಬ್ಯಾರೆ ಮಾಡಿ ಹೇಳ್ರಿ.

ಶರಣಕುಮಾರ: ಓಡೋದು ಒಂದು ಲಕ್ಷ ಹತ್ತು. ನಿಂದ್ರೋದು ಹತ್ತು ಸಾವಿರ.

ಲತೀಫಾ: ಓಡೋದು ನನಗ ಬ್ಯಾಡ. ಹತ್ತು ಸಾವಿರದ್ದು ಕೊಡ್ರಿ.

ಶರಣಕುಮಾರ: ಹಂಗ ಬಿಡಿಬಿಡಿ ಮಾರಂಗಿಲ್ರಿ!

ಲತೀಫಾ: ಬಿಡಿ ಮಾಡಿದವ್ರು ನೀವು. ನಾ ಇಡೀ ಗಾಡೀನ ಕೇಳ್ಲಿಕತ್ತಿದ್ದೆ.

ಅಬ್ದುಲ್ ಕರೀಮ್: ಔಟ್!

ಶರಣಕುಮಾರ ಬೆಚ್ಚಿಬಿದ್ದು ತಿರುಗಿದ. ಮಾತು ಮ್ಯಾಚಿನದಾಗಿತ್ತು.

ಲತೀಫಾ: ಹೋಗ್ಲಿ ಸಾವ್ಕಾರ್ರ, ನೀವಿಷ್ಟು ಹೇಳ್ಲಿಕತ್ತೀರಿ, ಓಡೋದೂ ತಗೋತೀನಿ. ಎಷ್ಟು ಓಡ್ತದ?

ಎಂಟು ತಿಂಗಳಿಂದ ಕಾಯ್ದು ಕುಳಿತಿದ್ದ ಪ್ರಶ್ನೆ ಬಂದೇಬಿಟ್ಟಿತು. ಶರಣಕುಮಾರ ಕೆಮ್ಮಿದ.

ಶರಣಕುಮಾರ: ಅದು ಹ್ಯಾಂಗ ಅಂದ್ರ ಆಪಾ, ರೋಡಿನ ಮ್ಯಾಲ ಅದ. ಗಾಳಿ ಮ್ಯಾಲ ಅದ. ಹೊಡಿಯಾವ್ರ ಸ್ವಭಾವದ ಮ್ಯಾಲ ಅದ.

ಲತೀಫಾ: ವಾಡಿಗೆ ಹೋಗ್ತದ?

ಶರಣಕುಮಾರ: ಹೋಗದೇನ್ರಿ! ಆರಾಮ ಹೋಗ್ತದ.

ಲತೀಫಾ: ವಾಪಸ್?

ಶರಣಕುಮಾರ: ವಾಪಸ್ ಬರೋ ಗಡಬಡಿ ಏನದ್ರಿ? ವಾಡಿ ಛಲೋ ಊರದ.

ಲತೀಫಾ ಮಷೀನು ನಿಲ್ಲಿಸಿ, ದಾರ ಹಲ್ಲಿನಿಂದ ಕಡಿದು, ಪಿಕೊ ಆದ ವಸ್ತ್ರವನ್ನು ಸೀರೆಯಂತೆ ಅಚ್ಚುಕಟ್ಟಾಗಿ ಮಡಚಿ ಅವನ ಕೈಗಿತ್ತಳು.

ಲತೀಫಾ: ಆಡಕಿ ಅಂಬಾರಾಯನ ಹೇಣ್ತಿ ಅನಸುಬಾಯಿ ನನ್ನ ಗಿರಾಕಿ. ಒಂದು ಸೀರಿ ಕೊಟ್ಟು ಮುಕ್ಕಾಲು ತಾಸು ಕುಂತು ಮಾತಾಡ್ತಾಳ. ಐವತ್ತು ಕಿಲೋಮೀಟರ್ ದಾಟಿ ಒಂದು ಗೇಣು ಹೋಗಂಗಿಲ್ಲ ಇದು. ಅದಕ್ಕೇ ನಿಮಗ ಮಾರ್ಯಾರ.

ಶರಣಕುಮಾರ ವಸ್ತ್ರದ ಅಂಚನ್ನು ಪರೀಕ್ಷಿಸತೊಡಗಿದ. ಹೊಲಿಗೆ ನೇರವಾಗಿತ್ತು.

ಶರಣಕುಮಾರ: ಎಲ್ಲಾ ಗೊತ್ತಿದ್ದು ಮತ್ತ ಯಾಕ ಬಂದ್ರಿ?

ಲತೀಫಾ: ಓಡೋ ಗಾಡಿ ನನ್ನಂಥಾಕಿಗೆ ಎಲ್ಲಿ ಎಟಕ್ತದ ಅಣ್ಣಾ? ಓಡಂಗಿಲ್ಲ ಅಂತ ಇದು ಎಟಕ್ಲಿಕತ್ತದ. ಮುಧೋಳಕ್ಕ ಹೋಗಿ ಬರ್ಲಿಕ್ಕ ಇಷ್ಟು ಸಾಕು. ಉಳದಿದ್ರಾಗ ನನ್ನ ಮಷೀನ್ ದಿನಪೂರಾ ನಡೀತದ. ಬ್ಯಾಟರಿ ಅರ್ಧ ಸತ್ತದ ಅಂತ ನಿಮಗ ಚಿಂತಿ. ಅರ್ಧ ಬದುಕ್ಯಾದ ಅಂತ ನಾ ಬಂದೀನಿ. ಎಂಬತ್ತು ಸಾವಿರ.

ಶರಣಕುಮಾರ: ತೊಂಬತ್ತೈದು.

ಲತೀಫಾ: ನಾ ಹೋದ್ರ ಮತ್ತ ಎಂಟು ತಿಂಗಳು ನಿಂದ್ರತದ. ಅದು ಛಲೋ ನಿಂದ್ರತದ, ನನಗೇನ್ ಅನುಮಾನಿಲ್ಲ.

ಎಂಬತ್ತಕ್ಕೆ ಮುಗಿಯಿತು. ಲತೀಫಾ ಬಯಾನಾ ಎಂದು ಐದು ಸಾವಿರ ಮುಂಗಡ ಕೊಟ್ಟಳು. ಶರಣಕುಮಾರ ಅದನ್ನು ಕಣ್ಣಿಗೊತ್ತಿ ಜೇಬಿಗಿಟ್ಟು, ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು ಚೀಟಿ ಬರೆಯಲು ಕುಳಿತ.

ಲತೀಫಾ: ಹಂಗ ಬ್ಯಾಡ್ರಿ. ಛಾಪಿಸಿದ್ದು ಬೇಕು. ಡಬ್ಬಿ ಗಾಡಿ ಕೂಡ ಕೊಟ್ಟೀನಿ ಅಂತ ಕಾಗದದಾಗ ಬರಬೇಕು.

ಶರಣಕುಮಾರ: ನನ್ನ ಅಕ್ಷರದ ಮ್ಯಾಲ ಭರೋಸಾ ಇಲ್ಲೇನ್ರಿ?

ಲತೀಫಾ: ಅಕ್ಷರದ ಮ್ಯಾಲ ಅದ.

ಶರಣಕುಮಾರ: ಛಾಪಿಸ್ಲಿಕ್ಕ ಕರೆಂಟ್ ಎಲ್ಲದ ಆಪಾ?

ಮೂವರೂ ಟಂಟಂ ಕಡೆ ನೋಡಿದರು. ಶರಣಕುಮಾರ ಒಳಗೆ ಹೋಗಿ, ಕಂಪ್ಯೂಟರು ಮತ್ತು ಪ್ರಿಂಟರಿನ ಉದ್ದನೆಯ ವೈರು ಎಳೆದುಕೊಂಡು ಬಂದು, ಪ್ಲಗ್ಗಿನ ಹತ್ತಿರ ಬಗ್ಗಿದ.

ಲತೀಫಾ: ಸಾವ್ಕಾರ್ರ, ನಾ ಬಯಾನಾ ಕೊಟ್ಟೀನಲ್ಲ?

ಶರಣಕುಮಾರ: ಹೂಂನ್ರಿ.

ಲತೀಫಾ: ಗಾಡಿ ಈಗ ಯಾರ್ದು?

ಶರಣಕುಮಾರ: ನಿಮ್ದೇ.

ಲತೀಫಾ: ಅದರಾಗಿನ ಕರೆಂಟು?

ಶರಣಕುಮಾರ ವೈರು ಕೈಯಲ್ಲಿ ಹಿಡಿದು ನೆಟ್ಟಗೆ ನಿಂತ. ಈ ಅಂಗಳದಲ್ಲಿ ಅವನು ಯಾರ ಅಪ್ಪಣೆಯನ್ನೂ ಕೇಳಿದವನಲ್ಲ.

ಶರಣಕುಮಾರ: ಹಚ್ಕೊಳ್ಳೇನ್ರಿ ಆಪಾ?

ಲತೀಫಾ: ನನ್ನ ಪ್ಲಗ್ ಮುಟ್ಟಬ್ಯಾಡ್ರಿ, ಚೀಲದಾಗ ಎರಡು ಸೀರಿ ಬಾಕಿ ಅವ. ಇವರ್ದು ಕೇಳ್ರಿ.

ಶರಣಕುಮಾರ: ಕರೀಮ್ ಭಾಯಿ?

ಅಬ್ದುಲ್ ಕರೀಮ್: ಈ ಓವರ್ ಮುಗೀಲಿ ಸೇಠ್.

ಶರಣಕುಮಾರ ಬಿಸಿಲಲ್ಲಿ ನಿಂತ. ಓವರಿನಲ್ಲಿ ಎರಡು ವೈಡ್ ಬಿದ್ದವು. ಅದಕ್ಕೆ ಮತ್ತೆರಡು ಎಸೆತ ನಿಲ್ಲಬೇಕಾಯಿತು. ಆಮೇಲೆ ಪ್ಲಗ್ ಸಿಕ್ಕಿತು. ಹಳೆಯ ಕಂಪ್ಯೂಟರು ಕಣ್ಣು ಬಿಡಲು ಹತ್ತು ನಿಮಿಷ ತೆಗೆದುಕೊಂಡಿತು. ಡಬ್ಬಿಯ ಮಾತು ಬಿಟ್ಟುಹೋಗಿದೆಯೆಂದು ಲತೀಫಾ ಕಾಗದವನ್ನು ಎರಡು ಸಲ ವಾಪಸು ಕಳಿಸಿದಳು. ಮೂರನೆಯ ಸಲ, ವೈರು ಚುಚ್ಚಿ ಮೂವತ್ತೈದು ನಿಮಿಷವಾದ ಮೇಲೆ, ಒಪ್ಪಿ ಸಹಿ ಹಾಕಿ, ಉಳಿದ ಹಣವನ್ನು ಕೊಟ್ಟು, ಮಷೀನನ್ನು ಗಾಡಿಯೊಳಗೇ ಇಟ್ಟಳು.

ಶರಣಕುಮಾರ: ಆಪಾ, ಕರೆಂಟಿಂದು ಏನಾಯ್ತು ಹೇಳ್ರಿ, ಕೊಟ್ಟುಬಿಡ್ತೀನಿ. ಋಣ ಬ್ಯಾಡ.

ಲತೀಫಾ: ರೊಕ್ಕ ಬ್ಯಾಡ್ರಿ. ಕರೆಂಟ್ ತಗೊಂಡೀರಿ, ಕರೆಂಟೇ ಕೊಡ್ರಿ. ಈ ಕಡಿ ಬಂದಾಗೊಮ್ಮಿ ಗಾಡಿ ನಿಮ್ಮಲ್ಲೇ ಚಾರ್ಜಿಗೆ ಹಚ್ತೀನಿ.

ಶರಣಕುಮಾರ: ಎಷ್ಟು ದಿನ?

ಲತೀಫಾ: ತೀರೋ ತನಕ.

ಶರಣಕುಮಾರ: ತೀರ್ತೋ ಇಲ್ಲೋ ಯಾರು ಹೇಳಾವ್ರು?

ಲತೀಫಾ: ನಾನೇ ಹೇಳ್ತೀನಲ್ಲ. ನೀವು ಯಾಕ ತ್ರಾಸ ತಗೋತೀರಿ?

ಅಬ್ದುಲ್ ಕರೀಮ್ ಹ್ಯಾಂಡಲ್ ತಿರುಗಿಸಿದ. ಗಾಡಿ ನಿಜಕ್ಕೂ ಸಪ್ಪಳವಿಲ್ಲದೆ, ಬೆಣ್ಣೆಯಂತೆ ಗೇಟು ದಾಟಿ ಮುಧೋಳದ ದಾರಿ ಹಿಡಿಯಿತು. ಇದಾಗಿ ನಾಲ್ಕು ತಿಂಗಳು. ಟಂಟಂ ವಾರಕ್ಕೆರಡು ಸಲ ಶರಣಕುಮಾರನ ಅಂಗಳದಲ್ಲಿ ಚಾರ್ಜಿಗೆ ನಿಲ್ಲುತ್ತದೆ. ಲತೀಫಾ ಇನ್ನೂ ತೀರಿತು ಎಂದಿಲ್ಲ. ಆದ್ದರಿಂದ ಶರಣಕುಮಾರ ಅವಳಿಗೆ ಇವತ್ತಿಗೂ ಮೂವತ್ತೈದು ನಿಮಿಷದ ಕರೆಂಟು ಕೊಡಬೇಕು.