ಬೆಟ್ಟದಪುರದ ಓಡುವ ವಿದ್ಯುತ್ ಕೇಂದ್ರ

ಎರಡು ಕಾಲಿನ ವಿದ್ಯುತ್ ಉತ್ಪಾದನಾ ಕೇಂದ್ರವೊಂದು ಬೆಟ್ಟದಪುರದಲ್ಲಿ ಕಾರ್ಯನಿರ್ವಹಿಸುತ್ತಿದೆ ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ.

ಇದರ ಸ್ಥಾಪಕಿ ಯಶೋಧರಾ. ಪೊಲೀಸ್ ಪೇದೆ ಹುದ್ದೆಯ ಓಟದ ಪರೀಕ್ಷೆಗೆ ತಯಾರಾಗುತ್ತಿದ್ದಳು. ಏಳು ಗಂಟೆಗೆ ಹೊಗೆಸೊಪ್ಪು ಕಟ್ಟುವ ಕೆಲಸಕ್ಕೆ ಹೋಗಬೇಕಾದ್ದರಿಂದ ನಾಲ್ಕೂವರೆಯ ಕತ್ತಲಲ್ಲೇ ಓಡುವಳು. ಒಂದು ದಿನ ಹಾಲಿನ ವ್ಯಾನು ಅವಳ ಮೊಣಕೈ ಸವರಿಕೊಂಡು ಹೋಯಿತು. ಡ್ರೈವರ್ ಇಳಿದು, "ಕಾಣ್ನಿಲ್ಲ ಕಣವ್ವ" ಅಂದ. ನಿಜವನ್ನೇ ಹೇಳಿದ್ದ.

ಸೈಕಲ್ ಷಾಪಿನ ನಿಂಗರಾಜು ಅವಳ ಸೋದರಮಾವ. ಒಂದು ವಾರ ಕೂತು, ಪೈಪಿನ ತುಂಡಿನೊಳಗೆ ಅಯಸ್ಕಾಂತ ಬಿಟ್ಟು, ಮೇಲೆ ತಾಮ್ರದ ತಂತಿ ಸುತ್ತಿ, ತುದಿಗೆ ಪುಟ್ಟ ಬಲ್ಬು ಸಿಕ್ಕಿಸಿದ. ತೋಳಿಗೆ ಕಟ್ಟಿಕೊಂಡು ಕೈ ಬೀಸಿ ಓಡಿದರೆ ಉರಿಯುತ್ತದೆ, ನಿಂತರೆ ಆರುತ್ತದೆ. ಮಾರನೇ ದಿನ ಹಾಲಿನ ವ್ಯಾನು ದೂರದಲ್ಲೇ ನಿಧಾನವಾಯಿತು. ಯಶೋಧರಾ ಖುಷಿಗೆ ಎರಡು ಸುತ್ತು ಜಾಸ್ತಿ ಓಡಿದಳು.

ಓಟಕ್ಕೆ ತಯಾರಾಗುತ್ತಿದ್ದ ಊರಿನ ಉಳಿದ ಹುಡುಗಿಯರಿಗೂ ಮಾಡಿಕೊಡೋಣವೆಂದು ಮಾವ-ಸೊಸೆ ಹಣದ ನೆರವಿಗಾಗಿ ತಾಲ್ಲೂಕು ಸ್ವಯಂಬೆಳಕು ಕೋಶವೆಂಬ ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟರು. ಅಧೀಕ್ಷಕ ರುದ್ರಸ್ವಾಮಿಯವರು ಬೆಳಿಗ್ಗೆ ಹನ್ನೊಂದಕ್ಕೆ ಪರಿಶೀಲನೆ ಇಟ್ಟುಕೊಂಡರು. ಬಿಸಿಲಿಗೆ ಬೆಳಕು ಕಾಣಲಿಲ್ಲ. ಕಿಟಕಿ ಮುಚ್ಚಿಸಿ, ಯಶೋಧರಾಳನ್ನು ಮೇಜಿನ ಸುತ್ತ ಓಡಿಸಿದರು.

"ಉರೀತದೆ. ಅಂದ್ರೆ ನೀನು ವಿದ್ಯುತ್ ಉತ್ಪಾದನಾ ಕೇಂದ್ರ ಕಣಮ್ಮ."

"ನಾನು ಯಶೋಧರಾ, ಸಾರ್."

"ಕೇಂದ್ರದ ಹೆಸರು ಅನ್ನೋ ಕಾಲಮ್ಮಿಗೆ ಅದನ್ನೇ ಬರ್ಕೊಳ್ಳೋಣ."

ಆದೇಶ ಬಂತು. ಕೇಂದ್ರವು ಸೊಂಟಕ್ಕೆ ಕಬ್ಬಿಣದ ಮೀಟರ್ ಕಟ್ಟಿಕೊಳ್ಳತಕ್ಕದ್ದು. ಕೇಂದ್ರ ನಿಂತಾಗ ಅಂಕಿ ಮಾಯವಾಗುವುದರಿಂದ ಮೀಟರ್ ಓದುವ ಸಿಬ್ಬಂದಿ ಜೊತೆಯಲ್ಲೇ ಓಡತಕ್ಕದ್ದು. ಕೇಂದ್ರಕ್ಕೆ ಜ್ವರ ಬರುವುದಿದ್ದಲ್ಲಿ ಮೂರು ದಿನ ಮುಂಚಿತವಾಗಿ ಪ್ರಕಟಣೆ ನೀಡತಕ್ಕದ್ದು.

ಮೀಟರ್ ಓದುವ ಚೆಲುವಯ್ಯನವರಿಗೆ ನಿವೃತ್ತಿಗೆ ಒಂದೇ ವರ್ಷ ಬಾಕಿ. "ವಸಿ ನಿಧಾನಕ್ಕೆ ಓಡವ್ವ, ಅಂಕಿ ಅಳ್ಳಾಡ್ತವೆ" ಎಂದು ಏದುಸಿರು ಬಿಡುತ್ತಾ ಬೇಡುವರು. ನಿಧಾನಿಸಿದರೆ ದೀಪ ಮಂಕಾಗಿ ಅಂಕಿಯೇ ಕಾಣದು. ಮೂರು ತಿಂಗಳಲ್ಲಿ ಅವರ ಹೊಟ್ಟೆ ಕರಗಿತು. ಇದನ್ನು ಕೋಶವು ವಾರ್ಷಿಕ ಸಾಧನೆಗಳಲ್ಲಿ ಸೇರಿಸಿಕೊಂಡಿತು.

ಮೈಸೂರಿನ ಪರೀಕ್ಷೆಯ ದಿನ ಯಶೋಧರಾ ಮೀಟರ್ ಬಿಚ್ಚಿಟ್ಟು ಓಡಿದಳು. ಅಷ್ಟು ದಿನ ಕಬ್ಬಿಣ ಹೊತ್ತ ಮೈ, ನೆಲ ಕಾಲಿಗೆ ತಗುಲಿದ್ದೇ ಗೊತ್ತಾಗಲಿಲ್ಲ. ಮೊದಲಿಗಳಾಗಿ ಗುರಿ ಮುಟ್ಟಿ, ಅಲ್ಲೇ ಕೂತು ಅತ್ತಳು. ನೇಮಕಾತಿ ಪತ್ರದ ಹಿಂದೆಯೇ ಕೋಶದ ನೋಟಿಸೂ ಬಂತು: ಬದಲಿ ವ್ಯವಸ್ಥೆಯಿಲ್ಲದೆ ಕೇಂದ್ರವನ್ನು ಮುಚ್ಚುವಂತಿಲ್ಲ.

"ನೀ ವೊಂಟೋಗವ್ವ, ನಾನು ನೋಡ್ಕತೀನಿ" ಅಂದ ಮಾವ.

ಈಗ ಐವತ್ತಾರರ ನಿಂಗರಾಜು ದಿನಾ ನಾಲ್ಕೂವರೆಗೆ ಓಡುತ್ತಾನೆ. ಉಳಿದ ಹುಡುಗಿಯರ ಅರ್ಜಿ ಇನ್ನೂ ಪರಿಶೀಲನೆಯಲ್ಲಿರುವುದರಿಂದ ಅವನ ಬೆಳಕಿನಲ್ಲೇ ಅವರೂ ಹಿಂದೆ ಓಡುತ್ತಾರೆ. ಮಂಡಿನೋವು ಜಾಸ್ತಿಯಾದ ದಿನ ಅವನು ಕುಂಟುತ್ತಾನೆ. ಟೀ ಅಂಗಡಿಯ ಮರಮ್ಮ ಒಲೆ ಹಚ್ಚುತ್ತಾ ಅವನ ಕಡೆ ನೋಡಿ, ಗಿರಾಕಿಗಳಿಗೆ ಹೇಳುತ್ತಾಳೆ:

"ಇವತ್ತು ವೋಲ್ಟೇಜು ಕಮ್ಮಿ ಕಣ್ರೀ."

ಯಾರೂ ನಗುವುದಿಲ್ಲ.