ಭಾವನವರ ಗಾಲಿಹಲಗೆ

ನಮ್ಮ ಭಾವನವರು ಹುಟ್ಟಿದಾಗಿನಿಂದ ನೆಲಕ್ಕೆ ಕಾಲೂರಿ ನಿಂತವರೇ ಅಲ್ಲ! ಹಾಗಾದರೆ ಹಾರಾಡುತ್ತಿದ್ದರೇ ಎಂದು ಕೇಳಬೇಡಿ. ಅದಕ್ಕೂ ಒಮ್ಮೆ ಪ್ರಯತ್ನಪಟ್ಟು ಹುಲ್ಲಿನ ಬಣವೆಗೆ ಬಿದ್ದಿದ್ದರಂತೆ. ಐವತ್ತರ ದಶಕದಲ್ಲಿ ನಾನು ಹುಣಸೂರಿನ ಆ ಮನೆಗೆ ಕಿರಿಸೊಸೆಯಾಗಿ ಬಂದಾಗ ಅವರಿಗೆ ಹಿಡಿದಿದ್ದದ್ದು ಗಾಲಿಯ ಹುಚ್ಚು. ನನ್ನ ಗಂಡನ ಅಣ್ಣ, ದಿನಸಿ ಅಂಗಡಿಯ ಸಾಹುಕಾರರು, ಹಣೆತುಂಬ ವಿಭೂತಿ. ಯಾರಿಗೆ ತಾನೇ ಅನುಮಾನ ಬಂದೀತು?

ಕೊಡಗಿನ ತೋಟದ ದೊರೆಯೊಬ್ಬ ಸಾಮಾನೆಲ್ಲ ಹರಾಜು ಹಾಕಿ ತನ್ನ ಸೀಮೆಗೆ ಹೊರಟಾಗ ಭಾವನವರು ಒಂದು ಸೋಫಾ ತಂದರು. ಅದರ ಕಾಲುಗಳಿಗೆ ಪುಟ್ಟ ಗಾಲಿಗಳು, ಯಾವ ದಿಕ್ಕಿಗೆ ಬೇಕಾದರೂ ತಿರುಗುವಂಥವು. ದೊರೆಯ ಹಾಗೆ ಕೂರಬಹುದೆಂದು ನಾವೆಲ್ಲ ಹಿಗ್ಗಿದೆವು. ಮರುದಿನ ನೋಡಿದರೆ ಗಾಲಿಗಳು ಒಂದು ತೇಗದ ಹಲಗೆಯ ಕೆಳಗಿವೆ, ಸೋಫಾ ನೆಲ ಹಿಡಿದು ಕೂತಿದೆ!

"ಇದೇನ್ಲಾ ಮಾಡ್ದೆ?" ಅತ್ತೆ ಕೂಗಿಕೊಂಡರು.

"ಸೋಫಾದ ಮ್ಯಾಲೆ ಕೂತ್ರೆ ಎಲ್ಲಿಗವ್ವ ಓಗಾಕಾಯ್ತದೆ? ಇದ್ರ ಮ್ಯಾಲೆ ನಿಂತ್ರೆ ಊರೇ ಸುತ್ತಬೌದು ಕಣವ್ವ!"

ಊರು ಸುತ್ತಲು, ಹೊಸದಾಗಿ ಡಾಂಬರು ಬಿದ್ದಿದ್ದ ಇಳಿಜಾರನ್ನು ಆರಿಸಿಕೊಂಡರು. ಪಂಚೆ ಎತ್ತಿ ಕಟ್ಟಿ, ತೂಕ ತಪ್ಪದಿರಲೆಂದು ಬಿಚ್ಚಿದ ಕೊಡೆ ಹಿಡಿದು ಹಲಗೆ ಹತ್ತಿದರು. ಹೊಗೆಸೊಪ್ಪಿನ ಗಾಡಿಯವನು ಎತ್ತು ನಿಲ್ಲಿಸಿ ಕೇಳಿದನಂತೆ:

"ಬಿರೇಕು ಎಲ್ಲೈತೆ ಸಾವ್ಕಾರ್ರೇ?"

"ಕೆಳಗೆ ಉಣಸೇಮರ ಕಾಣಾಕಿಲ್ವೇನ್ಲಾ?"

ನಾಲ್ಕು ಗಾಲಿಗಳೂ ನಾಲ್ಕು ದಿಕ್ಕು ಹಿಡಿದವು. ಭಾವನವರು ಚರಂಡಿಗೆ, ಹಲಗೆ ಬೇಲಿಗೆ. ಮರದವರೆಗೆ ಸುಖವಾಗಿ ತಲುಪಿದ್ದು ಕೊಡೆ ಮಾತ್ರ!

ಮಂಡಿಗೆ ಅರಿಶಿನ ಹಚ್ಚುತ್ತಾ ನನ್ನ ಓರಗಿತ್ತಿ ಅಕ್ಕ ಗದರಿದರು: "ಈ ವಯಸ್ಸಲ್ಲಿ ಬೀಳೋದೇನ್ರೀ?"

"ಬಿದ್ದಿದ್ದಲ್ಲ ಕಣೆ. ವಸಿ ಬ್ಯಾಗ ಇಳ್ದೆ!"

ಹೊಸ ಸೊಸೆ ಭಾವನ ಮುಂದೆ ನಗಬಹುದೇ? ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದೆ.

ಆಮೇಲೆ ಕಮ್ಮಾರನ ಸಹವಾಸ ಶುರುವಾಯಿತು. ಹಿಂದಿನ ಎರಡು ಗಾಲಿ ತಿರುಗದಂತೆ ಬಿಗಿಸಿದರು. ಅದೇ ಗುಂಗಿನಲ್ಲಿ ಬೆಲ್ಲ ಕೇಳಿದವರಿಗೆ ಮೊಳೆ ಕಟ್ಟಿಕೊಟ್ಟರು. ಆದರೆ ಹಲಗೆ ನೆಟ್ಟಗೆ ಓಡಿತು, ಒಪ್ಪಲೇಬೇಕು!

ಅತ್ತೆ ಕೆ.ಆರ್. ನಗರದ ಮಗಳ ಮನೆಗೆ ಹೋಗಿದ್ದ ಒಂದು ಮಧ್ಯಾಹ್ನ, ಅಡುಗೆಮನೆಯಲ್ಲಿ ರುಬ್ಬುತ್ತಿದ್ದ ನನಗೆ ಪಡಸಾಲೆಯಲ್ಲಿ ಗಾಲಿಗಳ ಸದ್ದು ಕೇಳಿಸಿತು. ಇಣುಕಿದೆ. ಹಲಗೆಯ ಮೇಲೆ ಅಕ್ಕ, ಮಂಡಿ ಮಡಚಿ ಕೂತು ಭಾವನವರ ಹೆಗಲ ವಲ್ಲಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಇನ್ನೊಂದು ತುದಿ ಹಿಡಿದು ಭಾವನವರು ಎಳೆಯುತ್ತಿದ್ದರು, ಕುಂಟುತ್ತಲೇ.

"ಬುಟ್ಟುಬುಟ್ಟೀರಿ, ಜ್ವಾಪಾನ ಕಣ್ರೀ!"

"ಬುಡಾಕಿಲ್ಲ ಕಣೆ, ಇಡ್ಕೊ."

ಅಕ್ಕ ಆ ಮನೆಗೆ ಬಂದಾಗ ಅವರಿಗೆ ಹನ್ನೊಂದು ವರ್ಷವಂತೆ. ಬಂದ ದಿನವೇ ಕೈಗೆ ಪೊರಕೆ ಕೊಟ್ಟಿದ್ದರಂತೆ. ಅವರು ಬಾಯಿಬಿಟ್ಟು ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲೇ ಇಲ್ಲ.

"ಇನ್ನೊಂದ್ ಸುತ್ತು ಕಣ್ರೀ," ಎಂದರು.

ನಾನು ಮೆಲ್ಲನೆ ಹಿಂದಿರುಗಿದೆ. ಹಿಟ್ಟು ಆಗಲೇ ನುಣ್ಣಗಾಗಿತ್ತು. ಆದರೂ ಕೂತು, ನಾನಿನ್ನೂ ರುಬ್ಬುತ್ತಿರುವುದು ಪಡಸಾಲೆಗೆ ಕೇಳಿಸಲೆಂದು ಒರಳುಗುಂಡನ್ನು ಜೋರಾಗಿ ತಿರುಗಿಸುತ್ತಲೇ ಇದ್ದೆ.