ಕೂರಿಸುವ ಸೀಟಿ

ಹೆಂಡತಿ: ದ್ರವವೋ ಹರಳೋ, ಯಾವುದಾದ್ರೂ ಒಂದು ಹೇಳಿ. ಎರಡು ದೋಣಿ ಮೇಲೆ ಕಾಲಿಡ್ಬೇಡಿ.

ಗಂಡ: ಎರಡೂ ಕಣೇ. ದ್ರವದ ಹಾಗೆ ಹರಿಯುತ್ತೆ, ಹರಳಿನ ಹಾಗೆ ಸಾಲು ತಪ್ಪದೆ ಇರುತ್ತೆ. ಅದಕ್ಕೇ ದ್ರವಹರಳು.

ಅಮ್ಮ: ಹರಳೆಣ್ಣೆ ಅನ್ನು. ಅದಕ್ಕೆ ಇಷ್ಟು ಸುತ್ತುಬಳಸು ಯಾಕೆ?

ಭಾನುವಾರದ ಬೆಳಿಗ್ಗೆ. ಊಟದ ಮೇಜಿನ ಮೇಲೆ ಬೆಂಕಿಪೊಟ್ಟಣದಷ್ಟು ಗಾಜು, ಗಾಜಿಗೆ ಎರಡು ತಂತಿ, ತಂತಿಗಳ ತುದಿಗೆ ಗುಂಡಿಗಳ ಪೆಟ್ಟಿಗೆ. ಗಂಡ ಪರದೆ ತಯಾರಿಸುವ ಕಾರ್ಖಾನೆಯ ಎಂಜಿನಿಯರ್. ನಾಳೆ ಹತ್ತು ಗಂಟೆಗೆ ಈ ಗಾಜನ್ನು ನಿರ್ದೇಶಕರ ಮುಂದೆ ಹತ್ತು ನಿಮಿಷ ಕುಣಿಸಿ ತೋರಿಸಬೇಕು. ಗಾಜೋ, ಐದು ನಿಮಿಷ ಹೇಳಿದಂತೆ ಕೇಳಿ ಆರನೆಯದಕ್ಕೆ ಕೈಕೊಡುತ್ತದೆ. ನಾಳೆಯೂ ಕೈಕೊಟ್ಟರೆ ಯೋಜನೆ ಮುಚ್ಚಿತು, ಅವನಿಗೆ ಸತ್ತ ಚುಕ್ಕಿ ಎಣಿಸುವ ವಿಭಾಗಕ್ಕೆ ವರ್ಗ. ಅಲ್ಲಿ ದಿನಕ್ಕೆ ಎಂಟು ಗಂಟೆ ಪರದೆಗಳನ್ನು ದಿಟ್ಟಿಸಿ, ಬೆಳಗದ ಚುಕ್ಕಿ ಎಲ್ಲಿದೆ ಎಂದು ಹುಡುಕುವುದೇ ಉದ್ಯೋಗ. ಅಲ್ಲಿ ಎರಡು ವರ್ಷ ಕಳೆದವರು ಎದುರು ಕೂತವರ ಮುಖದಲ್ಲೂ ಚುಕ್ಕಿ ಎಣಿಸುತ್ತಾರಂತೆ. ಹೆಂಡತಿ ಶಾಲೆಯ ಡ್ರಿಲ್ ಟೀಚರ್. ರಜಾದಿನವೂ ಕೊರಳಲ್ಲಿ ಎರಡು ಸೀಟಿ ನೇತಾಡುತ್ತಿರುತ್ತವೆ. ಅಮ್ಮ ಎಂದರೆ ಅವನ ಅಮ್ಮ, ಕೇಳದಿದ್ದರೂ ಉತ್ತರ ಕೊಡುವವಳು.

ಗಂಡ: ಹರಳೆಣ್ಣೆ ಅಲ್ಲಮ್ಮ. ಇದು ಟಿವಿ ಪರದೆ ಒಳಗಿರೋದು. ಕರೆಂಟ್ ಕೊಟ್ರೆ ಇದರ ಅಣುಗಳು ಎದ್ದು ನಿಲ್ತಾವೆ, ಗಾಜು ಕಪ್ಪಾಗುತ್ತೆ. ಮಲಗಿದ್ರೆ ಬೆಳ್ಳಗಾಗುತ್ತೆ.

ಅಮ್ಮ: ಹರಳೆಣ್ಣೆನೂ ಅಷ್ಟೇ. ಎಬ್ಬಿಸುತ್ತೆ, ಓಡಿಸುತ್ತೆ, ಕೂರಿಸುತ್ತೆ.

ಗಂಡ: ಇಲ್ಲಿ ಕಷ್ಟ ಇರೋದೇ ಕೂರಿಸೋದ್ರಲ್ಲಿ. ಹಳೇ ಪರದೇಲಿ ಕರೆಂಟ್ ಕೊಟ್ಟ ತಕ್ಷಣ ಏಳ್ತಾವೆ. ತೆಗೆದ್ರೆ ಮಾತ್ರ ಆಕಳಿಸ್ಕೊಂಡು, ಮೈ ಮುರ್ಕೊಂಡು, ಪುರುಸೊತ್ತಾದಾಗ ಮಲಗ್ತಾವೆ. ಅಷ್ಟರಲ್ಲಿ ಮುಂದಿನ ಚಿತ್ರ ಬಂದಿರುತ್ತೆ. ಓಡೋ ಚೆಂಡಿಗೆ ಬಾಲ ಕಾಣೋದು ಅದಕ್ಕೇ.

ಅಮ್ಮ: ಬಾಲ ಇರೋದು ನಿಜವೇನೋ? ಮತ್ತೆ ಆರು ತಿಂಗಳಿಂದ ನನ್ನ ಕಣ್ಣಿಗೆ ಯಾಕೋ ಔಷಧಿ ಬಿಡ್ತಾ ಇದೀಯ?

ಹೆಂಡತಿ: ಟಿವಿ ಬದಲಾಯಿಸಿ ಅಂದೆ ಅತ್ತೆ. ಕಣ್ಣಿನ ಔಷಧಿ ಅಗ್ಗ ಅಂದ್ರು.

ಗಂಡ ಕೆಮ್ಮಿದ.

ಗಂಡ: ನನ್ನ ಹರಳಿಗೆ ಎರಡು ಫ್ರೀಕ್ವೆನ್ಸಿ. ಕರೆಂಟು ಸೆಕೆಂಡಿಗೆ ಸಾವಿರ ಸಲ ಹಿಂದೆ ಮುಂದೆ ಆದ್ರೆ ಅಣು ಏಳುತ್ತೆ. ಹದಿನೈದು ಸಾವಿರ ಸಲ ಆದ್ರೆ ಮಲಗುತ್ತೆ. ತಾನಾಗಿ ಮಲಗ್ಲಿ ಅಂತ ಕಾಯೋದಿಲ್ಲ, ಹಿಡಿದು ಮಲಗಿಸೋದು. ಏಳೋದೂ ಬೇಗ, ಮಲಗೋದೂ ಬೇಗ.

ಅಮ್ಮ: ಇದಕ್ಕೆ ಗಾಜು ಯಾಕೆ ಬೇಕು? ನಿಮ್ಮಪ್ಪಂಗೆ ಹತ್ತು ಸಲ ಹೇಳಿದ್ರೆ ಏಳ್ತಿದ್ರು. ಇಪ್ಪತ್ತು ಸಲ ಹೇಳಿದ್ರೆ ಮುಸುಕು ಹಾಕ್ಕೊಂಡು ಮಲಗೇ ಬಿಡ್ತಿದ್ರು.

ಹೆಂಡತಿ: ವಂಶಕ್ಕೇ ಎರಡು ಫ್ರೀಕ್ವೆನ್ಸಿ.

ಗಂಡ ಗುಂಡಿ ಒತ್ತಿದ. ಗಾಜು ಕಪ್ಪಾಯಿತು, ಬೆಳ್ಳಗಾಯಿತು, ಕಣ್ಣು ಮಿಟುಕಿಸುವುದರೊಳಗೆ ಮತ್ತೆ ಕಪ್ಪಾಯಿತು. ಐದು ನಿಮಿಷ ಅತ್ತೆ ಸೊಸೆ ಇಬ್ಬರೂ ಕೀಟಲೆ ಮರೆತು ನೋಡಿದರು. ಆರನೆಯ ನಿಮಿಷಕ್ಕೆ ಗಾಜು ಕಪ್ಪಗಾಗಿ ಹಾಗೇ ನಿಂತಿತು.

ಗಂಡ: ನೋಡಿದ್ಯಾ? ಮಲಗು ಅಂದ್ರೆ ನಿಲ್ಲುತ್ತೆ. ಮೂರು ವಾರದಿಂದ ಇದೇ ಗೋಳು. ತಂತಿ ಬದಲಾಯಿಸ್ದೆ, ಗಾಜು ಬದಲಾಯಿಸ್ದೆ, ಹರಳನ್ನೇ ಬದಲಾಯಿಸ್ದೆ.

ಹೆಂಡತಿ: ಬೈದು ನೋಡಿದ್ರಾ?

ಗಂಡ: ಅದೂ ಆಯ್ತು. ನಗ್ಬೇಡ ಕಣೇ. ನಾಳೆಯಿಂದ ನಾನು ಸತ್ತ ಚುಕ್ಕಿ ಎಣಿಸ್ಬೇಕು. ನಿಜವಾಗ್ಲೂ ಭಯ ಆಗ್ತಿದೆ.

ಅವಳ ನಗು ನಿಂತಿತು. ಇಷ್ಟು ವರ್ಷಗಳಲ್ಲಿ ಅವನು ಭಯ ಎಂಬ ಮಾತನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಅವಳು ಗಾಜಿನ ಮೇಲೆ ಬೆರಳಿಟ್ಟು ನೋಡಿದಳು.

ಹೆಂಡತಿ: ಬೆಚ್ಚಗಿದೆಯಲ್ರೀ.

ಗಂಡ: ಕೆಲಸ ಮಾಡಿದ್ರೆ ಬೆಚ್ಚಗಾಗದೆ ಇರುತ್ತಾ? ಇದು ನಿನ್ನ ಡ್ರಿಲ್ ಕ್ಲಾಸ್ ಅಲ್ಲ.

ಹೆಂಡತಿ: ಡ್ರಿಲ್ ಕ್ಲಾಸೇ. ದಪ್ಪ ದನಿ ಸೀಟಿ ಊದಿದ್ರೆ ಮಕ್ಕಳು ಏಳ್ತಾರೆ, ಕೀರಲು ಸೀಟಿ ಊದಿದ್ರೆ ಕೂರ್ತಾರೆ. ಮೊದಲ ಐದು ನಿಮಿಷ ಎಲ್ಲಾ ಚಿನ್ನದಂಥ ಮಕ್ಕಳು. ಓಡಾಡಿ ಮೈ ಬಿಸಿ ಆಯ್ತೋ, ಅದೇ ಕೀರಲು ಸೀಟಿಗೆ ಕೂರೋ ಬದಲು ನೆಗೆದು ನಿಲ್ತಾರೆ. ಬಿಸಿ ಆದೋರಿಗೆ ಅದೂ ದಪ್ಪ ಸೀಟಿ ಹಾಗೇ ಕೇಳುತ್ತೆ.

ಗಂಡ: ಆಗ ನೀನೇನ್ ಮಾಡ್ತೀಯ?

ಹೆಂಡತಿ: ಇನ್ನೂ ಕೀರಲಾಗಿ ಊದ್ತೀನಿ. ಇನ್ನೇನು, ಮಕ್ಕಳನ್ನೇ ಬದಲಾಯಿಸ್ಲಾ?

ಗಂಡ ತಾನೂ ಗಾಜನ್ನು ಮುಟ್ಟಿ ನೋಡಿದ.

ಗಂಡ: ಏಳೋ ಫ್ರೀಕ್ವೆನ್ಸಿಗೂ ಮಲಗೋ ಫ್ರೀಕ್ವೆನ್ಸಿಗೂ ನಡುವೆ ಒಂದು ಗಡಿ ಇದೆ. ಬಿಸಿ ಏರಿದ್ರೆ ಗಡಿನೂ ಏರುತ್ತೆ. ನನ್ನ ಹದಿನೈದು ಸಾವಿರ ಈಗ ಗಡಿಯಿಂದ ಕೆಳಗೆ ಬಿದ್ದಿದೆ. ಮಲಗು ಅಂತ ಹೇಳಿದ್ದು ಅದಕ್ಕೆ ಏಳು ಅಂತ ಕೇಳಿಸ್ತಿದೆ.

ಹೆಂಡತಿ: ಇದು ಹೊಸ ವಿಷಯಾನಾ?

ಗಂಡ: ಅಲ್ಲ. ನಾನೇ ಬರೆದ ವರದಿಯ ಮೂರನೇ ಪುಟದಲ್ಲಿದೆ.

ಹೆಂಡತಿ: ಬರೆದೋರು ಓದ್ಬಾರ್ದು ಅಂತ ನಿಯಮ ಇದ್ಯಾ?

ಅವನು ಪೆಟ್ಟಿಗೆಯ ಗುಂಡಿಯನ್ನು ಅರವತ್ತು ಸಾವಿರಕ್ಕೆ ತಿರುಗಿಸಿದ. ಗಾಜು ಬೆಳ್ಳಗಾಯಿತು. ಮತ್ತೆ ಕುಣಿಸಿದ. ಅಮ್ಮ ಗೋಡೆ ಗಡಿಯಾರ ನೋಡಿ ಹತ್ತು ನಿಮಿಷ ಎಣಿಸಿ, ನಂಬಿಕೆ ಬಾರದೆ ಇನ್ನೂ ಐದು ಎಣಿಸಿದಳು. ಗಾಜು ಒಮ್ಮೆಯೂ ತಪ್ಪಲಿಲ್ಲ. ಅವನು ಎದ್ದು ನಿಂತ. ಮೂರು ವಾರದಿಂದ ಬಾಗಿದ್ದ ಬೆನ್ನು ನೆಟ್ಟಗಾಯಿತು, ಜೊತೆಗೆ ಮೂಗೂ ಮೇಲೆ ಹೋಯಿತು.

ಗಂಡ: ನಾಳೆ ನಿರ್ದೇಶಕರಿಗೆ ಹೇಳ್ತೀನಿ, ಹಗಲೂ ರಾತ್ರಿ ತಲೆ ಕೆಡಿಸ್ಕೊಂಡು ನಾನೇ ಪತ್ತೆ ಮಾಡ್ದೆ ಅಂತ.

ಹೆಂಡತಿ: ನೀವೇ?

ಗಂಡ: ಸೀಟಿ ಅಂದ್ರೆ ನಗ್ತಾರೆ ಕಣೇ.

ಹೆಂಡತಿ: ಕೂತ್ಕೊಳ್ಳಿ.

ಗಂಡ: ಕೂರಲ್ಲ. ಹತ್ತು ವರ್ಷದಿಂದ ನೀನು ದಪ್ಪ ದನಿಲಿ 'ರೀ' ಅಂದ್ರೆ ಎದ್ದಿದೀನಿ, ಕೀರಲು ದನಿಲಿ 'ರೀ' ಅಂದ್ರೆ ಕೂತಿದೀನಿ. ಇವತ್ತು ಬಿಸಿ ಆಗಿದೀನಿ. ನನ್ನ ಗಡಿ ಮೇಲೆ ಹೋಗಿದೆ.

ಅವಳು ಕೊರಳಿನ ಕೀರಲು ಸೀಟಿಯನ್ನು ತುಟಿಗಿಟ್ಟು, ಎದೆ ತುಂಬ ಉಸಿರೆಳೆದುಕೊಂಡಳು. ಊದಲಿಲ್ಲ. ಕುರ್ಚಿ ಕಿರುಗುಟ್ಟಿತು.

ಗಂಡ: ವರದಿಲಿ ನಿನ್ನ ಹೆಸರೇ ಮೊದ್ಲು ಹಾಕ್ತೀನಿ.

ಅಮ್ಮ: ಊದೋಕೆ ಮುಂಚೆನೇ ಕೂತ. ಹರಳೆಣ್ಣೆಗೂ ಇಷ್ಟು ಬೇಗ ಆಗಲ್ಲ ಬಿಡು.